ನೋಡಿದ ಮೇಲೆ ಬರೆಯುವವನು

ರುಮಾಲಿನ ಮೂರನೆಯ ಸುತ್ತು ಹಾಕುವಾಗ ಸತ್ತವನ ಫೋನು ಹೊಡೆದುಕೊಳ್ಳತೊಡಗಿತು.

ಕಾಶವ್ವ ಗಂಡನ ಗದ್ದ ಹಿಡಿದು ತಲೆಯನ್ನು ನೆಟ್ಟಗೆ ನಿಲ್ಲಿಸಿದ್ದಳು. ಅಳಿಯ ಸಿದ್ದಾರೂಢ ರುಮಾಲು ಸುತ್ತುತ್ತಿದ್ದ. ಹಲಗೆಗೆ ಆನಿಸಿ, ಎದೆಗೆ ಬಿಳಿ ಧೋತರ ಬಿಗಿದು, ಚಕ್ಕಳಮಕ್ಕಳ ಕೂಡಿಸಿದ್ದ ನಿಜಲಿಂಗಪ್ಪ ಹಣೆ ತುಂಬ ವಿಭೂತಿ ಧರಿಸಿ, ಮದುವೆ ಚಪ್ಪರದಲ್ಲಿ ಮುಂದಿನ ಸಾಲಿಗೆ ಕೂತ ಹಿರಿಯನ ಹಾಗೆ ಕಾಣುತ್ತಿದ್ದ. ಬದುಕಿದ್ದಾಗ ಇಷ್ಟು ಹೊತ್ತು ಒಂದೇ ಕಡೆ ಕೂತವನಲ್ಲ ಪುಣ್ಯಾತ್ಮ. ಪುಣೆಯ ಬಿಬವೇವಾಡಿಯ ಈ ಎರಡು ಕೋಣೆಯ ಮನೆಗೂ ನಾಲ್ಕು ಗಲ್ಲಿ ಆಚೆಗಿನ ರಕ್ತ ತಪಾಸಣೆಯ ಲ್ಯಾಬಿಗೂ ನಲವತ್ತೊಂದು ವರ್ಷ ಓಡಾಡಿದ ಕಾಲು ಅವು. ನಿನ್ನೆ ಸಂಜೆ ಲ್ಯಾಬಿನಿಂದ ಬಂದು, ಚಹಾದ ಬಸಿ ಕೆಳಗಿಟ್ಟು, ಎದೆ ಒತ್ತಿಕೊಂಡು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ.

ಫೋನು ನಿಂತು ಮತ್ತೆ ಶುರುವಾಯಿತು. ಮೂಲೆಯ ಕುರ್ಚಿಯಲ್ಲಿದ್ದ ಭಾವ ಶಂಕ್ರೆಪ್ಪ, ಯಾರಾದರೂ ಅದನ್ನು ಬಂದ್ ಮಾಡಬಾರದೇ ಎಂದು ಗೊಣಗಿದ. ಅವನು ನಿಜಲಿಂಗಪ್ಪನ ಅಣ್ಣ, ಹುಟ್ಟೂರು ಇಂಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಸುದ್ದಿ ತಿಳಿದ ಕೂಡಲೇ ಬಸ್ಸು ಹತ್ತಿ ಬೆಳಿಗ್ಗೆ ಸ್ವಾರಗೇಟಿನಲ್ಲಿ ಇಳಿದಿದ್ದ. ತಮ್ಮನ ಸಾವಿಗೆ ಅತ್ತಿದ್ದಾನೆ, ಇಲ್ಲವೆನ್ನಲಾಗದು. ಆದರೆ ಅತ್ತು ಮುಗಿದ ಮೇಲೆ ಎಲ್ಲ ಕೆಲಸದ ಉಸ್ತುವಾರಿ ತನ್ನದೆಂದು ಕೂತುಬಿಟ್ಟಿದ್ದ. ಒಂದು ಗಂಟೆಗೆ ಹೆಣ ಎತ್ತಬೇಕು, ಮೂರಕ್ಕೆ ಮಣ್ಣು ಕೊಡಬೇಕು. ಹಾಗೆಂದು ಟೆಂಪೋದವನಿಗೂ ಭಜನೆಯವರಿಗೂ ತಾನೇ ಹೇಳಿದ್ದ.

ಕಾಶವ್ವ ಫೋನು ತೆಗೆದು ನೋಡಿದಳು. ಏಳನೆಯ ಇಯತ್ತೆ ಓದಿದವಳು ಅವಳು, ಹೆಸರು ಓದಲು ಕಷ್ಟವಾಗಲಿಲ್ಲ. ಡಾಕ್ಟರ್ ರಾಜೀವ. ಧನಕವಡಿಯ ಸಣ್ಣ ಆಸ್ಪತ್ರೆಯೊಂದರ ಸರ್ಜನ್. ಅವಳು ಕಿವಿಗೆ ಹಚ್ಚುವುದೇ ತಡ, ಆ ಕಡೆಯವರು ಉಸಿರು ಬಿಡದೆ ಮರಾಠಿಯಲ್ಲಿ ಹೇಳಲು ಹತ್ತಿದರು. ಕಾಕಾ, ಒಬ್ಬಳು ಹೆಣ್ಣುಮಗಳಿದ್ದಾಳೆ, ಇಪ್ಪತ್ತಾರು ವಯಸ್ಸು, ಬಿಲ್ಡಿಂಗ್ ಕೆಲಸದವಳು. ನಾಲ್ಕು ದಿನದಿಂದ ಹೊಟ್ಟೆನೋವಿಗೆ ಅಂಗಡಿಯ ಗುಳಿಗೆ ನುಂಗಿದ್ದಾಳೆ. ನಿನ್ನೆಯಿಂದ ನೋವೇ ಕಡಿಮೆ ಅನ್ನುತ್ತಾಳೆ, ಜ್ವರವೂ ಇಲ್ಲ. ಸೋನೋಗ್ರಫಿಯಲ್ಲಿ ಬರೀ ಗಾಳಿ ಕಾಣುತ್ತದೆ. ನಿಮ್ಮ ಲ್ಯಾಬಿನಿಂದ ಈಗ ರಿಪೋರ್ಟು ಬಂದಿದೆ, ಬಿಳಿಕಣ ಮೂರು ಸಾವಿರದ ನೂರು, ಸಿಆರ್‌ಪಿ ಒಂಬತ್ತು. ಎಲ್ಲ ಚೆನ್ನಾಗಿದೆಯಲ್ಲ ಎಂದು ಗಂಡ ಮನೆಗೆ ಕರೆದೊಯ್ಯಲು ನಿಂತಿದ್ದಾನೆ. ಆದರೆ ಅವಳ ಕೈ ತಣ್ಣಗಿದೆ, ನಾಡಿ ಓಡುತ್ತಿದೆ, ನನಗೆ ಸರಿಯೆನಿಸುತ್ತಿಲ್ಲ. ರಿಪೋರ್ಟಿನ ಕೆಳಗೆ ನಿಮ್ಮ ಸಹಿ ಇಲ್ಲ. ನೀವು ನೋಡಿದಿರೋ ಇಲ್ಲವೋ ಅಷ್ಟು ಹೇಳಿ.

ಕಾಶವ್ವ ಒಂದು ಕ್ಷಣ ಗಂಡನ ಮುಖ ನೋಡಿದಳು. ಆಮೇಲೆ ಅವಳೂ ಮರಾಠಿಯಲ್ಲೇ, ಅವರು ನಿನ್ನೆ ಸಂಜೆ ಹೋದರು ಎಂದಳು. ಡಾಕ್ಟರು ತಡವರಿಸಿ, ಆಪರೇಶನ್ ಮೇಲೆ ಆಪರೇಶನ್ ಇತ್ತು, ಯಾರೂ ಹೇಳಲಿಲ್ಲ, ಕ್ಷಮಿಸಿ ಎಂದು ಫೋನು ಇಡಲು ಹೋದರು.

ಇಡಬೇಡಿ ಎಂದಳು ಕಾಶವ್ವ. ಆ ಹುಡುಗಿಯನ್ನು ಮನೆಗೆ ಕಳಿಸಬೇಡಿ. ಒಂದು ತಾಸು ತಡೆಯಿರಿ, ರಕ್ತವನ್ನು ಮತ್ತೊಮ್ಮೆ ನೋಡಿಸಿ ಹೇಳುತ್ತೇನೆ.

*

ಹೊಟ್ಟೆನೋವಿನವರ ರಕ್ತದ ಬಗ್ಗೆ ಕಾಶವ್ವನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದರೆ, ಅದು ಬಂದದ್ದು ಒಂದು ತಪ್ಪಿನಿಂದ.

ಮಗಳು ರೇಣು ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಗಲ್ಲಿಯ ಬಾಯಿಯಲ್ಲಿ ಕಾಯಿಪಲ್ಲೆ ಮಾರುವ ಸಾವಿತ್ರಿಬಾಯಿ ಹೊಟ್ಟೆ ಹಿಡಿದುಕೊಂಡು ಲ್ಯಾಬಿಗೆ ಬಂದಿದ್ದಳು. ಆಗೆಲ್ಲ ಬಿಳಿಕಣ ಎಣಿಸುವುದು ಕೈಯಿಂದಲೇ. ನಿಜಲಿಂಗಪ್ಪ ಎಣಿಸಿದ, ಮೂರು ಸಾವಿರ ಬಂತು. ಸೋಂಕು ಇದ್ದರೆ ಹದಿನೈದು, ಇಪ್ಪತ್ತು ಸಾವಿರಕ್ಕೆ ಏರಬೇಕು, ಇದು ಇಳಿದಿದೆ. ಪರಿಚಯದ ಹೆಂಗಸು, ಗಾಬರಿಯಾಗದಿರಲಿ ಎಂದು ಅವಳ ಮಗನಿಗೆ ತಾನೇ ಮುಂದಾಗಿ, ಕಡಿಮೆ ಅದ, ಚಿಂತಿ ಇಲ್ಲ ಎಂದುಬಿಟ್ಟ. ಮೂರನೆಯ ದಿನ ಸಾವಿತ್ರಿಬಾಯಿ ಸತ್ತಳು. ಕರುಳು ತೂತಾಗಿ ಹೊಟ್ಟೆ ತುಂಬ ಕೀವು ತುಂಬಿತ್ತಂತೆ.

ಯಾರೂ ಅವನನ್ನು ಒಂದು ಮಾತು ಕೇಳಲಿಲ್ಲ. ಚೀಟಿಯಲ್ಲಿ ಬರೆದದ್ದು ಸರಿಯಾಗಿಯೇ ಇತ್ತು. ಆದರೂ ಅವನು ಲ್ಯಾಬಿಗೆ ಹೋಗಿ, ಡಬ್ಬಿಯಿಂದ ಅವಳ ರಕ್ತದ ಗಾಜಿನ ಪಟ್ಟಿ ಹುಡುಕಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಇದ್ದ ಕೆಲವೇ ಬಿಳಿಕಣಗಳಲ್ಲಿ ಅರ್ಧಕ್ಕರ್ಧ ಎಳೆಯವು, ಇನ್ನೂ ಬಲಿಯದವು. ಬಲಿತವೆಲ್ಲ ಹೊಟ್ಟೆಯೊಳಗೆ ಹೋರಾಡಿ ಮುಗಿದುಹೋಗಿದ್ದವು. ಲೆಕ್ಕ ಇಳಿದದ್ದು ಸೋಂಕು ಇಲ್ಲವೆಂದಲ್ಲ, ಮೈ ಸೋಲುತ್ತಿದೆ ಎಂದು.

ಆ ದಿನ ಮನೆಗೆ ಬಂದು ಹೆಂಡತಿಯ ಮುಂದೆ ಕೂತು ಅತ್ತ. ಕಾಶವ್ವ ಅವನು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. "ನಾ ಎಣಿಸೀನಿ ಕಾಶಿ, ನೋಡಿಲ್ಲ. ಎಣಿಸೂದು ಬ್ಯಾರೆ, ನೋಡೂದು ಬ್ಯಾರೆ" ಎಂದ.

ಅಂದಿನಿಂದ ಅವನದೊಂದು ಪದ್ಧತಿ. ಹೊಟ್ಟೆನೋವು ಎಂದು ಚೀಟಿಯಲ್ಲಿದ್ದರೆ ಪಟ್ಟಿ ನೋಡದೆ ಸಹಿಯಿಲ್ಲ. ಮಷೀನುಗಳು ಬಂದವು, ಒಂದು ನಿಮಿಷಕ್ಕೆ ಒಂದು ರಿಪೋರ್ಟು ಉಗುಳತೊಡಗಿದವು. ಆದರೂ ಅವನ ಪಟ್ಟಿ ತಪ್ಪಲಿಲ್ಲ. ಮಾಲಕರು ಬೈದರು, ಜೊತೆಯವರು ನಕ್ಕರು, ಮುದುಕನಿಗೆ ಮಷೀನಿನ ಮೇಲೆ ಹೊಟ್ಟೆಕಿಚ್ಚು ಎಂದರು. ಅವನು ಅನ್ನುವವರಿಗೆ ಅನ್ನಲು ಬಿಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದ. ಸುತ್ತಲಿನ ನಾಲ್ಕೈದು ಸರ್ಜನ್‌ಗಳಿಗೆ ರಿಪೋರ್ಟಿಗಿಂತ ಆ ಸಹಿಯ ಮೇಲೆ ನಂಬಿಕೆ ಬೆಳೆದದ್ದು ಹೀಗೆ.

*

ರೇಣು ಅಪ್ಪನ ಕಾಲ ಬುಡದಲ್ಲಿ ಕೂತಿದ್ದಳು. ಒಬ್ಬಳೇ ಮಗಳು, ಅಪ್ಪನ ಲ್ಯಾಬಿನಲ್ಲೇ ಹನ್ನೊಂದು ವರ್ಷದಿಂದ ಕೆಲಸ, ಅಪ್ಪನ ಪಕ್ಕದ ಸ್ಟೂಲು ಅವಳದು. ನಿನ್ನೆಯಿಂದ ಒಂದು ತುತ್ತು ಬಾಯಿಗಿಟ್ಟಿರಲಿಲ್ಲ. ಅವ್ವ ಬಂದು ಕಿವಿಯಲ್ಲಿ ವಿಷಯ ಹೇಳಿದಾಗ ತಲೆ ಅಲ್ಲಾಡಿಸಿದಳು. ತನ್ನಿಂದ ಆಗದು, ಲ್ಯಾಬಿನಲ್ಲಿ ಪ್ರಜ್ವಲ ಇದ್ದಾನೆ, ಫೋನಿನಲ್ಲೇ ಹೇಳುತ್ತೇನೆ ಎಂದಳು.

ಪ್ರಜ್ವಲ ಲ್ಯಾಬಿಗೆ ಸೇರಿ ಮೂರು ತಿಂಗಳಾಗಿತ್ತು. ಮಷೀನು ಕೊಟ್ಟದ್ದನ್ನು ಅವನು ಕೊಟ್ಟಿದ್ದಾನೆ, ಅವನದೇನು ತಪ್ಪು? ಆದರೆ ಎಳೆಯ ಕಣವನ್ನು ಅವನು ಗುರುತಿಸಲಾರ.

"ನಿಮ್ಮಪ್ಪ ಇದ್ದಿದ್ರ ಏನ ಮಾಡತಿದ್ರು, ರೇಣು?" ಎಂದಳು ಕಾಶವ್ವ. "ಊಟದ ತಾಟಿನ ಮುಂದಿಂದ ಎದ್ದು ಹೋಗ್ಯಾರ. ನಿನ್ನ ಲಗ್ನದ ದಿನಾ ಅಕ್ಕಿಕಾಳ ಬಿದ್ದ ಮ್ಯಾಲೆ ಹೋಗಿ ಬಂದಾರ. ಏಳು. ನೀ ಬರೂತನಾ ನಾ ಇವರನ್ನ ಎತ್ತಗೊಡೂದಿಲ್ಲ."

ರೇಣು ಎದ್ದಳು. ಬಾಗಿಲಿಗೆ ಶಂಕ್ರೆಪ್ಪ ಅಡ್ಡ ಬಂದ. ಅವನ ಸಿಟ್ಟಿಗೂ ಕಾರಣವಿತ್ತು ಅನ್ನಿ. ಊರಿನಿಂದ ಬಂದ ಬೀಗರು ಮೆಟ್ಟಿಲ ಮೇಲೆಲ್ಲ ಕೂತಿದ್ದಾರೆ, ಅವರ ಎದುರಿಗೆ ಇದೇನು ಹೊಸ ಆಟ? ತಮ್ಮನ ಉದ್ಯೋಗವನ್ನು ಅವನು ಮೊದಲಿನಿಂದಲೂ ಮೆಚ್ಚಿದವನಲ್ಲ. ಬಟ್ಟೆ ಅಂಗಡಿಯ ಮನೆತನದವನು ಪುಣೆಗೆ ಹೋಗಿ ಮಂದಿಯ ಉಚ್ಚೆ, ರಕ್ತ ಮುಟ್ಟಿ ಬದುಕುತ್ತಾನೆಂದು ಹೇಳಲು ನಾಚಿ, ಊರಲ್ಲಿ ಯಾರು ಕೇಳಿದರೂ ತಮ್ಮನದು ಔಷಧದ ಅಂಗಡಿ ಎಂದೇ ಹೇಳಿಕೊಂಡು ಬಂದಿದ್ದ. ತಮ್ಮನ ಕೆಲಸವೇನೆಂದು ಒಂದು ದಿನವೂ ವಿಚಾರಿಸಿದವನಲ್ಲ.

"ಹೆಣಾ ಮನಿಯಾಗ ಕುಂತದ. ಮಗಳು ಹೋಗಿ ಯಾರದೋ ರಕ್ತದಾಗ ಕೈ ಹಾಕಿ ಬರೂದಾ?" ಎಂದ. "ಸೂತಕದ ಮನಿ ಇದು."

ವಿಭೂತಿಯ ತಟ್ಟೆ ಹಿಡಿದು ಕೂತಿದ್ದ ಮಾಂತಯ್ಯ ಸ್ವಾಮಿಗಳು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಮಾರ್ಕೆಟ್ ಯಾರ್ಡಿನ ಮಠದವರು, ವಯಸ್ಸಾದವರು, ಮಾತು ಕಡಿಮೆ.

"ಸೂತಕ ನಮ್ಮೊಳಗ ಎಲ್ಲಿ ಅದ ಶಂಕ್ರೆಪ್ಪ?" ಎಂದರು. "ಕೊರಳಾಗ ಲಿಂಗ ಇದ್ದಾವರಿಗೆ ಸಾವಿನ ಮೈಲಿಗಿ ಇಲ್ಲ. ಲಿಂಗೈಕ್ಯ ಆದಾವ ಇಲ್ಲೇ ಕುಂತಾನ, ಎಲ್ಲೂ ಓಡಿ ಹೋಗೂದಿಲ್ಲ. ಹುಡುಗಿ ಹೋಗಿ ಬರಲಿ ಬಿಡು."

ಸಿದ್ದಾರೂಢ ಸ್ಕೂಟರ್ ತೆಗೆದ. ಶಂಕ್ರೆಪ್ಪ ಕುರ್ಚಿಗೆ ಮರಳಿದನೇ ಹೊರತು ಸುಮ್ಮನಾಗಲಿಲ್ಲ. ಕಾಶವ್ವನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಒಂದು ಮಾತು ಕೇಳಿದ.

"ತಂಗಿ, ನಿನ್ನ ಮಾತ ಕೇಳಿ ಡಾಕ್ಟರು ಹೊಟ್ಟಿ ಕೊಯ್ದ್ರು ಅಂತ ಇಟ್ಕೋ. ಒಳಗ ಏನೂ ಸಿಗಲಿಲ್ಲಂದ್ರ? ಸತ್ತ ಮ್ಯಾಲೂ ನನ್ನ ತಮ್ಮನ ಹೆಸರ ಕೆಡತದ."

ಅಲ್ಲಿಯವರೆಗೆ ಕಾಶವ್ವನಿಗೆ ಆ ಯೋಚನೆ ಬಂದೇ ಇರಲಿಲ್ಲ. ಅವಳು ಗಂಡನ ಪಕ್ಕದಲ್ಲಿ ಕೂತು, ಬಿಗಿದ ಧೋತರದ ಗಂಟನ್ನು ಸುಮ್ಮನೆ ಮುಟ್ಟಿ ನೋಡಿದಳು. ತಾನು ಡಾಕ್ಟರಲ್ಲ, ನರ್ಸಲ್ಲ. ಮೂವತ್ತೆಂಟು ವರ್ಷ ರೊಟ್ಟಿ ಬಡಿಯುತ್ತ ಕೇಳಿದ ಮಾತಿನ ಮೇಲೆ ಅಷ್ಟು ದೊಡ್ಡ ಸರ್ಜನ್‌ನನ್ನು ತಡೆದು ನಿಲ್ಲಿಸಿದ್ದಾಳೆ. ಕೇಳಿದ್ದರಲ್ಲಿ ಅರ್ಧ ಮರೆತಿದ್ದರೆ? ತಿಳಿದುಕೊಂಡದ್ದೇ ತಪ್ಪಾಗಿದ್ದರೆ?

*

ವರ್ಷಗಳ ಹಿಂದೆ ಒಂದು ಭಾನುವಾರ ನಿಜಲಿಂಗಪ್ಪ ಅವಳನ್ನು ಲ್ಯಾಬಿಗೆ ಕರೆದೊಯ್ದಿದ್ದ. ಹೊಸ ಸೀರೆ ಉಟ್ಟು ಬಾ ಎಂದು ಬೇರೆ ಹೇಳಿದ್ದ. ಎಲ್ಲಿಗೋ ತಿರುಗಾಡಲು ಎಂದುಕೊಂಡು ಹೋದರೆ, ಬಾಗಿಲು ತೆಗೆದು ಸ್ಟೂಲಿನ ಮೇಲೆ ಕೂಡಿಸಿ, ಒಂದು ಕಣ್ಣು ಮುಚ್ಚಿ ಇದರೊಳಗೆ ನೋಡು ಎಂದ. ಅವಳಿಗೆ ನಗು, ಸಿಟ್ಟು ಎರಡೂ ಬಂತು. ಮೊದಲು ತನ್ನದೇ ರೆಪ್ಪೆ ಕಂಡಿತು. ಆಮೇಲೆ ನಸುಗೆಂಪು ಬಯಲು, ಅದರಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ.

ನೇರಳೆ ಚುಕ್ಕೆಯೊಳಗೆ ಮೂರು ನಾಲ್ಕು ಮಣಿ ಪೋಣಿಸಿದ ಹಾಗೆ ಇದ್ದರೆ ಅದು ಬಲಿತದ್ದು ಎಂದ. ಒಡೆದ ಬಳೆಯ ಚೂರಿನ ಹಾಗೆ ಬಾಗಿ ಒಂದೇ ಇದ್ದರೆ ಎಳೆಯದು. "ಗಟ್ಟಿ ಆಳ ಮುಗದು, ಮೀಸಿ ಬರದ ಹುಡುಗರನ್ನ ದಂಡಿಗೆ ಕಳಸ್ಯಾರ ಅಂತ ತಿಳಕೋ."

ಸಿಆರ್‌ಪಿ ಎಂದರೇನೆಂದೂ ಅವತ್ತೇ ಹೇಳಿದ್ದ. ಮೈಯೊಳಗೆ ಎಲ್ಲಾದರೂ ಉರಿಯೂತ ಎದ್ದರೆ ರಕ್ತದಲ್ಲಿ ಏರುವ ಅಂಶ ಅದು. ಹತ್ತರೊಳಗೆ ಇದ್ದರೆ ಚಿಂತೆಯಿಲ್ಲ, ನೂರು ದಾಟಿದರೆ ಹುಷಾರು. ಆದರೆ ಅದರಲ್ಲೊಂದು ಮೋಸವಿತ್ತು. ಆ ಅಂಶ ವಿಪರೀತವಾದರೆ ಕೆಲವು ಸಲ ಪರೀಕ್ಷೆಯೇ ಕಕ್ಕಾಬಿಕ್ಕಿಯಾಗಿ ಕಡಿಮೆ ತೋರಿಸಿಬಿಡುತ್ತದೆ. ಮದುವೆಯ ಪಂಕ್ತಿಗೆ ಮಂದಿ ಒಮ್ಮೆಲೇ ನುಗ್ಗಿದರೆ ಎಣಿಸುವವನು ಎಲೆ ಬಿಟ್ಟು ಓಡುವುದಿಲ್ಲವೇ, ಹಾಗೆ. ಅದಕ್ಕೇ ಅವನು ಅನುಮಾನ ಬಂದ ರಕ್ತವನ್ನು ಹತ್ತು ಪಟ್ಟು ತೆಳು ಮಾಡಿ ಇನ್ನೊಮ್ಮೆ ಹಚ್ಚುತ್ತಿದ್ದ. ಪಂಕ್ತಿಯನ್ನು ಅಗಲಕ್ಕೆ ಹರಡಿ ಕೂಡಿಸಿದರೆ ತಲೆ ಎಣಿಸಲು ಬರುತ್ತದೆ.

ತಿರುಗಿ ಬರುವಾಗ ಅವಳಿಗೆ ಭೇಳ್ ಕೊಡಿಸಿದ. ಗಂಡನೊಡನೆ ಹೊರಗೆ ಹೋದ ದಿನಗಳಲ್ಲಿ ಕಾಶವ್ವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಅಷ್ಟು ತಿಳಿದವನು ತನಗೂ ತಿಳಿಯಲಿ ಎಂದು ಕರೆದೊಯ್ದನಲ್ಲ ಎಂಬ ಹೆಮ್ಮೆ ಬಹಳ ದಿನ ಇತ್ತು.

*

ಒಂದು ಗಂಟೆಯಾಯಿತು. ಒಂದೂಕಾಲಾಯಿತು. ಟೆಂಪೋದವನು ಕೆಳಗಿನಿಂದ ಎರಡು ಸಲ ಹಾರ್ನ್ ಹಾಕಿದ. ಭಜನೆಯವರು ಒಂದು ಸುತ್ತು ಮುಗಿಸಿ ನೀರು ಕುಡಿದರು. ಬೀಗರಲ್ಲಿ ಯಾರೋ, ಮಗಳು ಎಲ್ಲಿಗೆ ಹೋದಳಂತೆ ಎಂದು ಕೇಳಿದ್ದಕ್ಕೆ ಶಂಕ್ರೆಪ್ಪ, ಔಷಧದ ಅಂಗಡಿಯ ಏನೋ ಕೆಲಸ ಎಂದು ಹಾರಿಕೆಯ ಉತ್ತರ ಕೊಟ್ಟ. ಕಾಶವ್ವನಿಗೆ ಅದು ಕೇಳಿಸಿತು.

"ಔಷಧದ ಅಂಗಡಿ ಅಲ್ರಿ" ಎಂದಳು, ಕೂತಲ್ಲಿಂದಲೇ, ಎಲ್ಲರಿಗೂ ಕೇಳುವಂತೆ. "ಇವರು ರಕ್ತ ನೋಡತಿದ್ರು. ಒಂದು ಹೆಣ್ಮಗಳ ರಕ್ತ ನೋಡೂದದ, ಮಗಳು ಹೋಗ್ಯಾಳ."

ಶಂಕ್ರೆಪ್ಪ ನೆಲ ನೋಡಿದ.

ಸ್ಕೂಟರ್ ಬಂದ ಸದ್ದಾಯಿತು. ರೇಣು ಮೆಟ್ಟಿಲು ಹತ್ತಿ ಬಂದಳು, ಹೋದಾಗಿನ ರೇಣು ಅಲ್ಲ. ಕಣ್ಣು ಬಾತಿದ್ದವು ನಿಜ, ಆದರೆ ಬೆನ್ನು ನೆಟ್ಟಗಿತ್ತು. ಕಾಶವ್ವ ಎಷ್ಟು ಬಂತು ಎಂದು ಕೇಳಲಿಲ್ಲ.

"ನೋಡಿದ್ಯಾ?" ಎಂದಳು.

"ನೋಡೀನವ್ವ. ಬರೀ ಎಳೀವು. ಅಪ್ಪ ತೋರಿಸಿದ್ದು ಹ್ಯಾಂಗಿತ್ತೋ ಹಂಗೇ ಅವ. ತೆಳು ಮಾಡಿ ಹಚ್ಚಿದ ಮ್ಯಾಲೆ ಒಂಬತ್ತಲ್ಲ, ನಾನೂರಾ ಹನ್ನೆರಡು ಬಂತು." ಉಸಿರು ತೆಗೆದುಕೊಂಡು ಮುಂದುವರಿಸಿದಳು. "ನಾನೇ ಸಹಿ ಮಾಡಿ ಕೊಟ್ಟೀನಿ. ಆಕಿನ್ನ ಆಪರೇಶನ್‌ಗೆ ಒಳಗ ತಗೊಂಡಾರ."

ಹಾಗೆಂದು ಅಪ್ಪನ ಎದುರು ಮೊಣಕಾಲೂರಿ ಅವನ ಕಾಲಿಗೆ ಹಣೆ ಹಚ್ಚಿದಳು. ಕಾಶವ್ವ ಎದ್ದು ಸೆರಗು ಸಿಕ್ಕಿಸಿಕೊಂಡು, ಇನ್ನು ಎತ್ತಿರಿ ಎಂದಳು.

*

ಸಮಾಜದವರ ರುದ್ರಭೂಮಿ ಮುಟ್ಟಿದಾಗ ನಾಲ್ಕು ದಾಟಿತ್ತು. ಬಾಳೆಕಂಬ ಕಟ್ಟಿದ ಟೆಂಪೋದಲ್ಲಿ ನಿಜಲಿಂಗಪ್ಪ ಪುಣೆಯ ಟ್ರಾಫಿಕ್ಕಿನ ನಡುವೆ ಕೂತೇ ಬಂದಿದ್ದ. ಸಿಗ್ನಲ್ಲಿನಲ್ಲಿ ನಿಂತ ಮಂದಿ ಕೈಮುಗಿದರು.

ದಾರಿಯುದ್ದಕ್ಕೂ ಭಾವ ಕೇಳಿದ ಪ್ರಶ್ನೆ ಕಾಶವ್ವನನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಯಿಂದ ಸುದ್ದಿ ಬಂದಿಲ್ಲ. ಎರಡು ತಾಸಾಯಿತು, ಮೂರಾಯಿತು. ರೇಣುವಿನ ಮುಖ ನೋಡಿದರೆ ಅವಳೂ ಅದನ್ನೇ ನೆನೆಯುತ್ತಿದ್ದಾಳೆ. ಒಳಗೆ ಏನೂ ಸಿಗದಿದ್ದರೆ, ನಾಳೆ ಲ್ಯಾಬಿನಲ್ಲಿ ಅನ್ನುವವರು ಅನ್ನುತ್ತಾರೆ. ಆ ಹುಡುಗಿ ಉಳಿಯದಿದ್ದರೆ ಯಾರಿಗೆ ಏನು ಹೇಳುವುದು?

ಕುಣಿಯೊಳಗೆ ಗೂಡು ಕೊರೆದು ಸಿದ್ಧ ಮಾಡಿದ್ದರು. ನಾಲ್ಕು ಜನ ಇಳಿದು ನಿಜಲಿಂಗಪ್ಪನನ್ನು ಅದರಲ್ಲಿ ಕೂಡಿಸಿದರು. ಸ್ವಾಮಿಗಳು ಎಡ ಅಂಗೈಯಲ್ಲಿ ಲಿಂಗವಿಟ್ಟರು, ಮಂತ್ರ ಹೇಳಿದರು, ಬಿಲ್ವಪತ್ರೆ ಏರಿಸಿದರು. ಎಲ್ಲರೂ ಮಣ್ಣು ಹಾಕಲು ಬಗ್ಗಿ ಮುಷ್ಟಿ ತುಂಬಿಕೊಂಡರು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಒಬ್ಬರು ಬಿರುಸಾಗಿ ನಡೆದು ಬಂದರು. ಐವತ್ತರ ಆಸುಪಾಸು, ಹಣೆಯ ಮೇಲೆ ಆಪರೇಶನ್ ಟೋಪಿಯ ಗೆರೆ ಇನ್ನೂ ಕೆಂಪಗೆ ಮೂಡಿತ್ತು. ದೂರದಲ್ಲೇ ಬೂಟು ಬಿಚ್ಚಿ, ಕಾಲುಚೀಲದಲ್ಲೇ ಮಣ್ಣು ತುಳಿಯುತ್ತ ಬಂದು ಕಾಶವ್ವನ ಎದುರು ನಿಂತು ಕೈಮುಗಿದರು. ನಾನು ರಾಜೀವ ಎಂದರು. ಮರಾಠಿಯಲ್ಲಿ ನಾಲ್ಕು ಮಾತು ಹೇಳಿದರು. ಹೇಳಿ ಮುಗಿಸಿ ಕುಣಿಯ ಅಂಚಿಗೆ ಹೋಗಿ, ಒಳಗೆ ಕೂತವನಿಗೆ ತಲೆ ಬಾಗಿಸಿ ನಿಂತುಬಿಟ್ಟರು.

ಕಾಶವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಗಿನಿಂದ ತಡೆದಿಟ್ಟ ಅಳು ಆಗ ಬಂತು, ಅದರ ಜೊತೆಗೇ ಎದೆ ಉಬ್ಬಿ ಬಂತು. ಎರಡನ್ನೂ ಅವಳು ಮುಚ್ಚಿಡಲಿಲ್ಲ.

ಶಂಕ್ರೆಪ್ಪನಿಗೆ ಮರಾಠಿ ಅಷ್ಟಕ್ಕಷ್ಟೆ. ಡಾಕ್ಟರರನ್ನು ನೋಡಿದ, ಕಾಶವ್ವನನ್ನು ನೋಡಿದ.

"ಏನಂದ್ರು ತಂಗಿ?"

"ಅಪೆಂಡಿಕ್ಸ್ ಒಡದು ಹೊಟ್ಟಿ ತುಂಬ ಕೀವು ಇತ್ತಂತ್ರಿ ಭಾವನೋರ. ಎಲ್ಲಾ ತೊಳದು ತಗದಾರ. ಸಂಜಿತನಾ ಬಿಟ್ಟಿದ್ರ ಉಳೀತಿದ್ದಿಲ್ಲ, ಈಗ ಉಳೀತಾಳ ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾಕಾ ಇಲ್ಲಂದ್ರೂ ಕಾಕಾನ ಕಣ್ಣು ಇತ್ತು ಅಂದ್ರು."

ಶಂಕ್ರೆಪ್ಪ ಕೈಯಲ್ಲಿದ್ದ ಮಣ್ಣನ್ನು ಜೋಪಾನವಾಗಿ ನೆಲಕ್ಕಿಟ್ಟ. ಇಸ್ತ್ರಿ ಮಾಡಿದ ಧೋತರವನ್ನೂ ಲೆಕ್ಕಿಸದೆ, ಎಪ್ಪತ್ತೆರಡರ ಆ ಮುದುಕ ಕುಣಿಯ ಅಂಚಿನಲ್ಲಿ ಎರಡೂ ಮೊಣಕಾಲೂರಿ, ಅಂಗೈ ನೆಲಕ್ಕೆ ಕೊಟ್ಟು ಒಳಗೆ ಬಗ್ಗಿದ. ಕಿವಿ ಮಂದವಾದವರಿಗೆ ಹೇಳುವ ಹಾಗೆ ದೊಡ್ಡ ದನಿ ತೆಗೆದ.

"ತಮ್ಮಾ. ಆ ಹುಡುಗಿ ಉಳದಳಂತಪಾ. ನಾನೂರಾ ಹನ್ನೆರಡಂತ. ಎಲ್ಲಾ ಎಳೀವು ಇದ್ದೂವಂತ. ನಿನ್ನ ಮಗಳು ನೋಡ್ಯಾಳ."

ಒಂದನ್ನೂ ಬಿಡದೆ, ಮೊದಲಿನಿಂದ ಕೊನೆಯವರೆಗೆ ಹೇಳುತ್ತ ಹೋದ. ಅವನು ಹೇಳಿ ಮುಗಿಸುವವರೆಗೂ, ಬೀಗರು, ಭಜನೆಯವರು, ಲ್ಯಾಬಿನವರು ಎಲ್ಲರೂ ಮುಷ್ಟಿಯಲ್ಲಿ ಮಣ್ಣು ಹಿಡಿದುಕೊಂಡು ಕುಣಿಯ ಸುತ್ತ ನಿಂತೇ ಇದ್ದರು.